ಅಪ್‌ಡೇಟ್ ಆದ್ಮೇಲೆ ವೈಫೈ ಎಲ್ಲಿ ಹೋಯ್ತು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರ, ಮೆಸೇಜುಗಳಲ್ಲಿ ಬಹಳಷ್ಟು ಒಂದೇ ದುಃಖದವು. ಲಿನಕ್ಸ್ ಕಂಪ್ಯೂಟರ್ ಅಪ್‌ಡೇಟ್ ಆಯ್ತು, ಕರ್ನಲ್ (ಹಾರ್ಡ್‌ವೇರ್ ಜೊತೆ ವ್ಯವಹರಿಸೋ ಲಿನಕ್ಸಿನ ತಿರುಳು) ಬದಲಾಯ್ತು, ಆಮೇಲೆ ಏನೋ ಒಂದು ಕಾಣ್ತಿಲ್ಲ. ಒಬ್ಬರಿಗೆ ವೈಫೈ, ಇನ್ನೊಬ್ಬರಿಗೆ ಸೌಂಡು, ಮತ್ತೊಬ್ಬರಿಗೆ ಹಾರ್ಡ್‌ಡಿಸ್ಕೇ. ಅದಕ್ಕೆ ಈ ಸಲದ ಪುಟ ಪೂರ್ತಿ ಇದಕ್ಕೇ. ಕಮಾಂಡ್‌ಗಳನ್ನ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದೀನಿ, ನೀವು ಟೈಪ್ ಮಾಡೋವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೊಡೀರಿ, ಗೆರೆ ಓರೆಗೆರೆ ಎಲ್ಲ ಇದ್ದ ಹಾಗೇ ಇರಲಿ.

ಪ್ರಶ್ನೆ (ಶಿರಸಿಯಿಂದ ಒಬ್ಬ ನಿವೃತ್ತ ಶಿಕ್ಷಕರು): ಮಗ ಎರಡು ವರ್ಷದ ಹಿಂದೆ ಹಳೇ ಲ್ಯಾಪ್‌ಟಾಪಿಗೆ ಉಬುಂಟು ಹಾಕ್ಕೊಟ್ಟು ಹೋದ, ಚೆನ್ನಾಗೇ ನಡೀತಿತ್ತು. ಹೋದ ವಾರ ಅಪ್‌ಡೇಟ್ ಮಾಡ್ಲಾ ಅಂತ ಕೇಳ್ತು, ಹೂಂ ಅಂದೆ, ರೀಸ್ಟಾರ್ಟ್ ಆಯ್ತು, ವೈಫೈ ಗುರುತೇ ಇಲ್ಲ. ಸೆಟ್ಟಿಂಗ್ಸಲ್ಲಿ ವೈಫೈ ಅಡಾಪ್ಟರ್ ಸಿಗಲಿಲ್ಲ ಅಂತ ಬರ್ತಿದೆ. ಅಂಗಡಿಯವರು ಕಾರ್ಡ್ ಹೋಗಿದೆ, ಬದಲಾಯಿಸ್ಬೇಕು, ಇಲ್ಲಾಂದ್ರೆ ಫಾರ್ಮ್ಯಾಟ್ ಹೊಡೀಬೇಕು ಅಂತಾರೆ. ಮೊಮ್ಮಗಳ ಫೋಟೋ ಎಲ್ಲ ಅದರಲ್ಲೇ ಇದೆ. ಏನು ಮಾಡ್ಲಿ?

ಉತ್ತರ: ಮೇಷ್ಟ್ರೇ, ಮೊದ್ಲು ಫಾರ್ಮ್ಯಾಟ್ ಬೇಡ ಅಂತ ಅಂಗಡಿಯವರಿಗೆ ಹೇಳಿಬಿಡಿ, ಕಾರ್ಡೂ ತಗೋಬೇಡಿ. ಅಪ್‌ಡೇಟಿಗೆ ಐದು ನಿಮಿಷ ಮುಂಚೆ ಓಡ್ತಿದ್ದ ಕಾರ್ಡು ರೀಸ್ಟಾರ್ಟ್ ಆಗೋ ಗಳಿಗೆಗೇ ಸರಿಯಾಗಿ ಸಾಯೋದು ಬಹಳ ಅಪರೂಪ. ಕಾರ್ಡ್ ಇದ್ದ ಜಾಗದಲ್ಲೇ ಇರುತ್ತೆ, ಅದರ ಜೊತೆ ಮಾತಾಡೋ ಡ್ರೈವರ್ ಹೊಸ ಕರ್ನಲ್ ಜೊತೆ ಬಂದಿಲ್ಲ, ಅಷ್ಟೇ ಇರಬಹುದು. ಇದನ್ನ ನೀವೇ ಐದು ನಿಮಿಷದಲ್ಲಿ ಖಾತ್ರಿ ಮಾಡ್ಕೋಬಹುದು.

ಹೊಸ ಕರ್ನಲ್ ಹಾಕಿದ ಕೂಡ್ಲೇ ಉಬುಂಟು ಹಳೇದನ್ನ ಕಿತ್ತು ಬಿಸಾಕಲ್ಲ, ಹಿಂದಿನದ್ದೊಂದು ಡಿಸ್ಕಲ್ಲೇ ಇರುತ್ತೆ. ಲ್ಯಾಪ್‌ಟಾಪ್ ಆನ್ ಮಾಡಿ, ಕಂಪನಿ ಲೋಗೋ ಬಂದು ಹೋಗ್ತಿದ್ದ ಹಾಗೇ ಎಸ್ಕೇಪ್ ಕೀ ಒಂದೇ ಒಂದು ಸಲ ಒತ್ತಿ. ತುಂಬಾ ಹಳೇ ಮಶೀನಾದ್ರೆ ಶಿಫ್ಟ್ ಒತ್ತಿ ಹಿಡ್ಕೊಳ್ಳಿ. (ಎಸ್ಕೇಪ್ ಪದೇಪದೇ ಒತ್ತಿದ್ರೆ ಕಪ್ಪು ಪರದೆಯಲ್ಲಿ ಬರೀ ‘ಗ್ರಬ್’ ಅಂತ ಬಂದು ನಿಲ್ಲುತ್ತೆ, ಆಗ ‘ರೀಬೂಟ್’ ಅಂತ ಟೈಪ್ ಮಾಡಿ ಎಂಟರ್ ಹೊಡೆದು ಮತ್ತೆ ಶುರು ಮಾಡಿ, ಗಾಬರಿ ಬೇಡ.) ಮೆನು ಬಂದ್ರೆ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋಗಿ, ಅಲ್ಲಿ ಎರಡು ಮೂರು ನಂಬರ್ ಕಾಣುತ್ತೆ, ಮೇಲಿಂದು ಹೊಸದು. ಅದರ ಕೆಳಗಿರೋ ಹಳೇ ನಂಬರ್, ರಿಕವರಿ ಅಂತ ಇಲ್ಲದ್ದು, ಅದನ್ನ ಆರಿಸಿ. ವೈಫೈ ಬಂತಾ? ಬಂದ್ರೆ ಕಾರ್ಡ್ ಗಟ್ಟಿಯಾಗಿದೆ ಅಂತಲೇ ಅರ್ಥ, ಮೊಮ್ಮಗಳ ಫೋಟೋನೂ ಹಾಗೇ ಇರುತ್ತೆ. ಅವತ್ತೇ ಒಂದು ಪೆನ್‌ಡ್ರೈವಿಗೆ ಫೋಟೋ ಕಾಪಿ ಮಾಡಿಟ್ಕೊಳ್ಳಿ, ಇದನ್ನ ಮಾತ್ರ ಮುಂದೆ ಹಾಕಬೇಡಿ.

ಈಗ ಕಾರಣಕ್ಕೆ ಬರೋಣ. ಮತ್ತೆ ಹೊಸ ಕರ್ನಲ್ಲಲ್ಲೇ ಶುರು ಮಾಡಿ ಟರ್ಮಿನಲ್ ತೆಗೆದು ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಅಂತ ಹೊಡೀರಿ. ಮದರ್‌ಬೋರ್ಡಿಗೆ ಅಂಟಿಕೊಂಡಿರೋದೆಲ್ಲ ಒಂದೊಂದಾಗಿ ಬರುತ್ತೆ. ಅದರಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಅನ್ನೋ ಸಾಲು ಹುಡುಕಿ. ಆ ಸಾಲು ಇದ್ರೆ ಕರ್ನಲ್ಲಿಗೆ ಕಾರ್ಡ್ ಕಾಣ್ತಾ ಇದೆ. ಅದರ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಅಂತ ಇನ್ನೊಂದು ಸಾಲು ಇರಬೇಕು. ಅದಿಲ್ಲ ಅಂದ್ರೆ ನೆಂಟರು ಬಾಗಿಲಲ್ಲಿ ನಿಂತಿದಾರೆ, ಒಳಗೆ ಕರೆಯೋರು ಮನೇಲಿಲ್ಲ. ಇವತ್ತು ನಾನು ಹೇಳೋ ಎಲ್ಲಾ ಉತ್ತರಾನೂ ಈ ಎರಡೇ ಪ್ರಶ್ನೆ ಮೇಲೆ ನಿಂತಿರೋದು: ಸಾಮಾನು ಕಾಣ್ತಿದೆಯಾ, ಕಂಡ್ರೆ ಅದನ್ನ ಯಾರಾದ್ರೂ ಕೈಗೆ ತಗೊಂಡಿದಾರಾ.

ಯಾಕೆ ತಗೊಂಡಿಲ್ಲ ಅಂದ್ರೆ, ಲಿನಕ್ಸಲ್ಲಿ ಡ್ರೈವರ್‌ಗಳು ಮಾಡ್ಯೂಲ್ ಅನ್ನೋ ಫೈಲುಗಳಾಗಿ ‘/ಲಿಬ್/ಮಾಡ್ಯೂಲ್ಸ್’ ಒಳಗೆ ಇರ್ತಾವೆ, ಒಂದೊಂದು ಕರ್ನಲ್ ನಂಬರಿಗೂ ಒಂದೊಂದು ಬೇರೆ ಫೋಲ್ಡರ್. ಕರ್ನಲ್ ಜೊತೆಗೇ ಬೆಳೆದ ಡ್ರೈವರ್ ಆದ್ರೆ ಹೊಸ ನಂಬರಿನ ಫೋಲ್ಡರಲ್ಲೂ ತಾನಾಗೇ ಬಂದು ಕೂತಿರುತ್ತೆ. ಆದ್ರೆ ಹಳೇ ಲ್ಯಾಪ್‌ಟಾಪಿನ ಕೆಲವು ವೈಫೈ ಚಿಪ್ಪಿಗೆ ಡ್ರೈವರ್ ಕರ್ನಲ್ ಹೊರಗಡೆಯಿಂದ ಬರುತ್ತೆ, ನಿಮ್ಮ ಮಗ ಅವತ್ತು ಬೇರೆಯಾಗಿ ಹಾಕಿರ್ತಾರೆ. ಅಂಥದ್ದನ್ನ ಪ್ರತಿ ಹೊಸ ಕರ್ನಲ್ಲಿಗೂ ಹೊಸದಾಗಿ ಕಟ್ಟಬೇಕು. ಕರ್ನಲ್ ಒಳಗಿನ ಫಂಕ್ಷನ್‌ಗಳು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಹಾಗೇ ಇರ್ತಾವೆ ಅಂತ ಕರ್ನಲ್ ಬರೆಯೋರು ಯಾವತ್ತೂ ಮಾತು ಕೊಟ್ಟಿಲ್ಲ, ಬೇಕಂತಲೇ ಕೊಟ್ಟಿಲ್ಲ. ಈ ಮತ್ತೆ ಮತ್ತೆ ಕಟ್ಟೋ ಕೆಲಸವನ್ನ ತಾನಾಗೇ ಮಾಡ್ಲಿ ಅಂತ ಡೆಲ್ ಕಂಪನಿಯೋರು 2003ರ ಹೊತ್ತಿಗೆ ಡಿಕೆಎಂಎಸ್ ಅಂತ ಒಂದು ವ್ಯವಸ್ಥೆ ಮಾಡಿದ್ರು, ಇವತ್ತಿಗೂ ಬಹಳ ಜನ ಅದನ್ನೇ ಬಳಸ್ತಾರೆ. ಅದಕ್ಕೆ ಆ ಕರ್ನಲ್ಲಿನ ‘ಹೆಡರ್ಸ್’ ಅನ್ನೋ ಪ್ಯಾಕೇಜ್ ಬೇಕು. ಹೆಡರ್ಸ್ ಇಲ್ಲಾಂದ್ರೆ ಡ್ರೈವರ್ ಕಟ್ಟೋದಕ್ಕೇ ಆಗಲ್ಲ, ಆ ವಿಷಯ ನಿಮಗೆ ಕಾಣೋ ಜಾಗದಲ್ಲಿ ಬರೋದೂ ಇಲ್ಲ, ರೀಸ್ಟಾರ್ಟ್ ಆದ್ಮೇಲೆ ವೈಫೈ ಇಲ್ಲದಾಗಲೇ ಗೊತ್ತಾಗೋದು.

ವೈಫೈ ಇಲ್ಲದೆ ಪ್ಯಾಕೇಜ್ ತರೋದು ಹೇಗೆ ಅಂತೀರಾ, ಮೊಬೈಲನ್ನ ಯುಎಸ್‌ಬಿ ಕೇಬಲ್ಲಲ್ಲಿ ಲ್ಯಾಪ್‌ಟಾಪಿಗೆ ಹಾಕಿ ಮೊಬೈಲಿನ ಸೆಟ್ಟಿಂಗ್ಸಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ವೈರಿನ ನೆಟ್ ಇದ್ದ ಹಾಗೆ ತಕ್ಷಣ ಬರುತ್ತೆ. ಇದು ಗೊತ್ತಿಲ್ದೆ ಎಷ್ಟೋ ಜನ ಲ್ಯಾಪ್‌ಟಾಪ್ ಹೊತ್ಕೊಂಡು ಪೇಟೆಗೆ ಹೋಗ್ತಾರೆ. ಆಮೇಲೆ ‘ಡಿಕೆಎಂಎಸ್ ಸ್ಟೇಟಸ್’ ಅಂತ ಹೊಡೀರಿ, ಹಳೇ ಕರ್ನಲ್ ನಂಬರಿನ ಮುಂದೆ ‘ಇನ್‌ಸ್ಟಾಲ್ಡ್’ ಅಂತ ಇದ್ದು ಹೊಸದರ ಮುಂದೆ ಇಲ್ಲಾಂದ್ರೆ ಕಳ್ಳ ಸಿಕ್ಕಿದ. ‘ಸುಡೋ ಆಪ್ಟ್ ಇನ್‌ಸ್ಟಾಲ್ ಲಿನಕ್ಸ್-ಹೆಡರ್ಸ್-ಜೆನೆರಿಕ್’, ಅದಾದ್ಮೇಲೆ ‘ಸುಡೋ ಡಿಕೆಎಂಎಸ್ ಆಟೋಇನ್‌ಸ್ಟಾಲ್’, ಆಮೇಲೆ ರೀಸ್ಟಾರ್ಟ್. ಪ್ಯಾಕೇಜ್ ಹೆಸರಿನ ಬಾಲಕ್ಕೆ ‘ಎಚ್‌ಡಬ್ಲ್ಯುಇ’ (ಹೊಸ ಹಾರ್ಡ್‌ವೇರಿಗಾಗಿ ಕೊಡೋದು) ಅಂತ ಇರೋ ಕರ್ನಲ್ ನಿಮ್ಮದಾದ್ರೆ ಹೆಡರ್ಸೂ ಅದೇ ಬಾಲ ಇರೋದನ್ನೇ ಹಾಕಿ. ಟೈಪಿಂಗ್ ಕಷ್ಟ ಅನಿಸಿದ್ರೆ ‘ಅಡಿಷನಲ್ ಡ್ರೈವರ್ಸ್’ ಅನ್ನೋ ಕಿಟಕಿ ತೆಗೆದು ಅಲ್ಲಿ ತೋರಿಸೋ ಡ್ರೈವರನ್ನ ಒಂದ್ಸಲ ಬಿಟ್ಟು ಮತ್ತೆ ಆರಿಸಿದ್ರೂ ಸುಮಾರು ಸಲ ಅದೇ ಕೆಲಸ ಆಗುತ್ತೆ.

ಇನ್ನೊಂದು, ನಾನು ಉಬುಂಟು ಬದಲಾಯಿಸಿಲ್ಲ, ಕರ್ನಲ್ ಯಾಕೆ ಬದಲಾಯ್ತು ಅಂತ ಅನಿಸಬಹುದು. ಉಬುಂಟು ಎಲ್‌ಟಿಎಸ್ (ಬಹಳ ವರ್ಷ ಅಪ್‌ಡೇಟ್ ಸಿಗೋ ಆವೃತ್ತಿ) ಡೆಸ್ಕ್‌ಟಾಪಲ್ಲಿ ಹೊಸ ಹಾರ್ಡ್‌ವೇರಿಗೆ ಅನುಕೂಲ ಆಗ್ಲಿ ಅಂತ ನಡುನಡುವೆ ದೊಡ್ಡ ಕರ್ನಲ್ಲನ್ನೇ ತಂದುಬಿಡ್ತಾರೆ, ಮೇಲೆ ಹೇಳಿದ ಎಚ್‌ಡಬ್ಲ್ಯುಇ ಅಂದ್ರೆ ಇದೇ. ಉಬುಂಟು 22.04 ಶುರುವಾಗಿದ್ದು 5.15 ಕರ್ನಲ್ಲಲ್ಲಿ, ಆಮೇಲೆ ಅದೇ 5.19, 6.2, 6.5, 6.8 ಅಂತ ಮೇಲೆ ಹೋಯ್ತು. 24.04 ಬಂದಿದ್ದು 6.8ರಲ್ಲಿ, ಆಮೇಲೆ 6.11, 6.14. ಹೊಸ ಲ್ಯಾಪ್‌ಟಾಪಿಗೆ ಇದು ವರ, ಹೊರಗಿನ ಡ್ರೈವರ್ ನೆಚ್ಚಿಕೊಂಡಿರೋ ಹಳೇ ಲ್ಯಾಪ್‌ಟಾಪಿಗೆ ತೊಂದರೆ. ನಿಮ್ಮಂಥೋರಿಗೆ ಎಚ್‌ಡಬ್ಲ್ಯುಇ ಬಿಟ್ಟು ಮೊದಲಿನ ಸಾಲಿನ ಕರ್ನಲ್ಲಲ್ಲೇ ಇರೋದು ಒಳ್ಳೇದು ಅಂತ ನನ್ನ ಅಭಿಪ್ರಾಯ, ಅದಕ್ಕೂ ಸೆಕ್ಯುರಿಟಿ ಅಪ್‌ಡೇಟ್ ಬರ್ತಾನೇ ಇರುತ್ತೆ. ಮಗ ಬಂದಾಗ ಮಾಡಿಸ್ಕೊಳ್ಳಿ.

ಪ್ರಶ್ನೆ (ಹುಬ್ಬಳ್ಳಿಯಿಂದ ಒಬ್ಬ ವಿದ್ಯಾರ್ಥಿ): ಸರ್, ನಾ ಇಂಜಿನಿಯರಿಂಗ್ ಓದಾಕತ್ತೇನಿ. ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಹಚ್ಚಿ ದೊಡ್ಡ ಮಾನಿಟರ್‌ನ್ಯಾಗ ಕೆಲಸ ಮಾಡ್ತಿದ್ದೆ. ಕರ್ನಲ್ ಅಪ್‌ಡೇಟ್ ಆದ್ ಮ್ಯಾಲೆ ಮಾನಿಟರ್ ಕಾಣವಲ್ದು. ಗ್ರಾಫಿಕ್ಸ್ ಡ್ರೈವರ್ ಮತ್ತ ಹಾಕಿದೆ, ನಡುವ ಒಂದು ಪಾಸ್‌ವರ್ಡ್ ಕೇಳ್ತು, ಕೊಟ್ಟೆ, ರೀಬೂಟ್ ಆದಾಗ ನೀಲಿ ಸ್ಕ್ರೀನ್ ಬಂತು, ಅಂಜಿ ‘ಕಂಟಿನ್ಯೂ ಬೂಟ್’ ಒತ್ತಿಬಿಟ್ಟೆ. ಈಗ ಮಾಡ್‌ಪ್ರೋಬ್ (ಡ್ರೈವರ್ ಲೋಡ್ ಮಾಡೋ ಕಮಾಂಡ್) ಮಾಡಿದ್ರ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅಂತೈತಿ.

ಉತ್ತರ: ತಮ್ಮಾ, ನಿನ್ನ ಡ್ರೈವರ್ ಸರಿಯಾಗೇ ಕಟ್ಟಿದೆ, ಅದಕ್ಕೆ ಒಳಗೆ ಬರೋ ಪರ್ಮಿಷನ್ ಸಿಕ್ಕಿಲ್ಲ ಅಷ್ಟೇ. ಲ್ಯಾಪ್‌ಟಾಪಲ್ಲಿ ಸೆಕ್ಯೂರ್ ಬೂಟ್ ಆನ್ ಇದೆ (‘ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ಅಂತ ಹೊಡೆದು ನೋಡು). ಅದು ಆನ್ ಇದ್ದಾಗ ಸಹಿ ಇಲ್ಲದ ಮಾಡ್ಯೂಲನ್ನ ಕರ್ನಲ್ ಒಳಗೆ ಬಿಡಲ್ಲ. ಡಿಸ್ಟ್ರೋದವರು (ಉಬುಂಟು, ಫೆಡೋರಾ, ಡೆಬಿಯನ್, ಆರ್ಚ್ ತರ ಲಿನಕ್ಸನ್ನ ಸಿದ್ಧಮಾಡಿ ಕೊಡೋರು) ಕಟ್ಟಿ ಕಳಿಸಿದ ಮಾಡ್ಯೂಲಿಗೆ ಅವರದ್ದೇ ಸಹಿ ಇರುತ್ತೆ. ನಿನ್ನ ಮಶೀನಲ್ಲೇ ಕಟ್ಟಿದ್ದಕ್ಕೆ ನಿನ್ನ ಮಶೀನೇ ಸಹಿ ಹಾಕುತ್ತೆ, ಆದ್ರೆ ಆ ಸಹಿ ನಂದೇ ಅಂತ ಮನುಷ್ಯ ಒಬ್ಬ ಮಶೀನ್ ಮುಂದೆ ಕೂತು ಒಪ್ಪಿಕೊಳ್ಳಬೇಕು. ಆ ಒಪ್ಪಿಗೆ ಕೇಳೋಕೆ ಬಂದಿದ್ದೇ ನೀಲಿ ಸ್ಕ್ರೀನು. ನೀನು ಕಂಟಿನ್ಯೂ ಅಂದೆ, ಅದು ಸುಮ್ಮನೆ ಹೋಯ್ತು. ಅಂಜಿದ್ದು ತಪ್ಪಲ್ಲ, ನೀಲಿ ಸ್ಕ್ರೀನ್ ಅಂದ್ರೆ ಎಲ್ಲರಿಗೂ ಎದೆ ಧಸಕ್ ಅನ್ನುತ್ತೆ, ಇದು ಮಾತ್ರ ಆ ನಮೂನೆಯದಲ್ಲ.

ಈಗ ಅದನ್ನ ಮತ್ತೆ ಕರೆಸಬೇಕು. ಉಬುಂಟು ಆದ್ರೆ ‘ಸುಡೋ ಮೋಕ್‌ಯುಟಿಲ್ --ಇಂಪೋರ್ಟ್ /ವಾರ್/ಲಿಬ್/ಶಿಮ್-ಸೈನ್ಡ್/ಮೋಕ್/ಮೋಕ್.ಡರ್’, ಕೊನೇ ಫೈಲ್ ಹೆಸರಲ್ಲಿ ಮೋಕ್ ಅನ್ನೋ ಮೂರು ಅಕ್ಷರ ಮಾತ್ರ ದೊಡ್ಡಕ್ಷರ. ಒಂದು ಪಾಸ್‌ವರ್ಡ್ ಕೇಳುತ್ತೆ, ಅದು ಒಂದೇ ಸಲಕ್ಕೆ ಬೇಕಾಗೋದು, ಸುಲಭದ್ದೇ ಕೊಡು. ರೀಬೂಟ್ ಮಾಡು, ಎದ್ದು ನೀರು ಕುಡಿಯೋಕೆ ಹೋಗಬೇಡ, ಯಾಕಂದ್ರೆ ಆ ಸ್ಕ್ರೀನ್ ಹತ್ತು ಸೆಕೆಂಡ್ ಕಾಯ್ದು ಯಾರೂ ಕೀ ಒತ್ತಲಿಲ್ಲ ಅಂದ್ರೆ ಮುಂದೆ ಹೋಗಿಬಿಡುತ್ತೆ. ಯಾವುದಾದ್ರೂ ಕೀ ಒತ್ತಿ ‘ಎನ್‌ರೋಲ್ ಮೋಕ್’, ಕಂಟಿನ್ಯೂ, ಯೆಸ್, ಆ ಪಾಸ್‌ವರ್ಡ್, ರೀಬೂಟ್. ಮುಗೀತು, ಮುಂದಿನ ಕರ್ನಲ್ಲುಗಳಿಗೂ ಇದೇ ಸಹಿ ನಡೆಯುತ್ತೆ.

ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿಬಿಡು ಅಂತ ಗೆಳೆಯರು ಹೇಳ್ತಾರೆ. ಕೆಲಸ ಆಗುತ್ತೆ, ಆದ್ರೆ ಅದೇ ಲ್ಯಾಪ್‌ಟಾಪಲ್ಲಿ ವಿಂಡೋಸ್ ಇದ್ದು ಅದಕ್ಕೆ ಬಿಟ್‌ಲಾಕರ್ (ಡಿಸ್ಕಿಗೆ ಹಾಕೋ ಬೀಗ) ಹಾಕಿದ್ರೆ ಮುಂದಿನ ಸಲ ವಿಂಡೋಸ್ 48 ಅಂಕಿಯ ರಿಕವರಿ ಕೀ ಕೇಳಬಹುದು. ಆ ಕೀ ಎಲ್ಲಿದೆ ಅಂತ ಗೊತ್ತಿಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡ. ಮತ್ತೆ ಒಂದು ವಿಷಯ, ಎರಡು ಗ್ರಾಫಿಕ್ಸ್ ಇರೋ ಸುಮಾರು ಲ್ಯಾಪ್‌ಟಾಪಲ್ಲಿ ಎಚ್‌ಡಿಎಂಐ ಕಿಂಡಿ ದೊಡ್ಡ ಗ್ರಾಫಿಕ್ಸ್ ಚಿಪ್ಪಿಗೇ ಹೋಗಿರುತ್ತೆ, ಅದಕ್ಕೆ ನಿನ್ನ ಲ್ಯಾಪ್‌ಟಾಪ್ ಪರದೆ ಚೆನ್ನಾಗಿದ್ದು ಹೊರಗಿನ ಮಾನಿಟರ್ ಮಾತ್ರ ಸತ್ತ ಹಾಗೆ ಕಂಡಿದ್ದು. ಕೇಬಲ್ ಬದಲಾಯಿಸೋಕೆ ದುಡ್ಡು ಹಾಕಿಲ್ಲ ತಾನೇ?

ಪ್ರಶ್ನೆ (ಗದಗಿನಿಂದ ಡಿಟಿಪಿ ಅಂಗಡಿಯವರು): ಅಂಗಡಿ ಕಂಪ್ಯೂಟರಿಗೆ ಎರಡನೇ ಹಾರ್ಡ್‌ಡಿಸ್ಕ್ ಹಾಕಿಸಿದ್ವಿ, ಅದೇ ವಾರ ಅಪ್‌ಡೇಟೂ ಆಯ್ತು. ಈಗ ಆನ್ ಮಾಡಿದ್ರೆ ಕಪ್ಪು ಪರದೆ ಮೇಲೆ ‘ಇನಿಟ್‌ರಾಮ್‌ಎಫ್‌ಎಸ್’ ಅಂತ ಬಂದು, ಡಿವೈಸ್ ಎಸ್‌ಡಿಎ1 ಇಲ್ಲ ಅಂತ ಹೇಳಿ ನಿಂತುಬಿಡುತ್ತೆ. ಮದುವೆ ಕಾರ್ಡಿನ ಫೈಲುಗಳೆಲ್ಲ ಅದರಲ್ಲಿವೆ. ಡಿಸ್ಕ್ ಹೋಯ್ತಾ?

ಉತ್ತರ: ಆ ಕಪ್ಪು ಪರದೆಯಲ್ಲೇ ‘ಬಿಎಲ್‌ಕೆಐಡಿ’ ಅಂತ ಟೈಪ್ ಮಾಡಿ ಎಂಟರ್ ಹೊಡೀರಿ. ನಿಮ್ಮ ಡಿಸ್ಕ್ ಎಸ್‌ಡಿಬಿ1 ಅನ್ನೋ ಹೆಸರಲ್ಲಿ ಕಂಡ್ರೆ ಡಿಸ್ಕ್ ಇದೆ, ಫೈಲ್ ಇದೆ, ಬರೀ ಹೆಸರು ಅದಲು ಬದಲಾಗಿದೆ.

ಎಸ್‌ಡಿಎ, ಎಸ್‌ಡಿಬಿ ಅನ್ನೋದು ಡಿಸ್ಕಿನ ಸ್ವಂತ ಹೆಸರಲ್ಲ. ಊಟದ ಪಂಕ್ತಿಯಲ್ಲಿ ಮೊದ್ಲು ಬಂದು ಕೂತೋರು ಮೊದಲನೇ ಎಲೆ, ಆಮೇಲೆ ಬಂದೋರು ಎರಡನೇ ಎಲೆ, ಹಾಗೆ. ಕರ್ನಲ್ ಬದಲಾದ್ರೆ, ಹೊಸ ಡಿಸ್ಕ್ ಸೇರಿದ್ರೆ, ಯಾರು ಮೊದ್ಲು ಕೂರ್ತಾರೆ ಅನ್ನೋದು ಬದಲಾಗಬಹುದು. ಹಿಂದೆ ಇದಕ್ಕಿಂತ ದೊಡ್ಡದಾಗೇ ಆಗಿತ್ತು. ಮೊದಲು ಐಡಿಇ ಅನ್ನೋ ಹಳೇ ನಮೂನೆ ಡಿಸ್ಕುಗಳನ್ನ ಎಚ್‌ಡಿಎ ಅಂತ ಕರೀತಿದ್ರು. ಡಿಸ್ಕ್ ನೋಡಿಕೊಳ್ಳೋ ಕೆಲಸ ಲಿಬ್‌ಎಟಿಎ ಅನ್ನೋ ಹೊಸ ಡ್ರೈವರ್ ಗುಂಪಿಗೆ ಹೋದಾಗ ಎಲ್ಲವೂ ಎಸ್‌ಡಿಎ ಆದವು. 2007ರಲ್ಲಿ ಬಂದ ಫೆಡೋರಾ 7 ಹಾಗೆ ಬದಲಾಯಿಸಿದಾಗ, ಸೆಟ್ಟಿಂಗ್ ಫೈಲಲ್ಲಿ ಎಚ್‌ಡಿಎ ಅಂತಲೇ ಬರೆದಿಟ್ಟುಕೊಂಡೋರಿಗೆ ಇದೇ ಪಾಡು. ಆ ಹಳೇ ಐಡಿಇ ಡ್ರೈವರ್‌ಗಳನ್ನ 2021ರ 5.14 ಕರ್ನಲ್ಲಲ್ಲಿ ಪೂರ್ತಿ ತೆಗೆದೇಬಿಟ್ರು. ನೆಟ್‌ವರ್ಕಿಗೂ ಹಿಂಗೇ ಆಯ್ತು, 2013ರಲ್ಲಿ ಸಿಸ್ಟಂಡಿ (ಲಿನಕ್ಸ್ ಶುರುವಾಗೋವಾಗ ಎಲ್ಲವನ್ನೂ ಎಬ್ಬಿಸೋ ಸಾಫ್ಟ್‌ವೇರ್) 197 ಬಂದ್ಮೇಲೆ ಇಟಿಎಚ್0 ಅಂತಿದ್ದ ಹೆಸರು ಇಎನ್‌ಪಿ3ಎಸ್0 ತರದ್ದಾಯ್ತು, ಹಳೇ ಹೆಸರಲ್ಲಿ ಬರೆದಿದ್ದ ಸ್ಕ್ರಿಪ್ಟೆಲ್ಲ ನಿಂತವು.

ಡಿಸ್ಕಿಗೆ ಶಾಶ್ವತವಾದ್ದು ಯುಯುಐಡಿ ಅನ್ನೋ ಉದ್ದದ ಗುರುತಿನ ನಂಬರ್. ಆಲದ ಮರದ ಪಕ್ಕದ ಹೊಲ ಅಂದ್ರೆ ಮರ ಬಿದ್ದ ದಿನ ಹೊಲ ಸಿಗಲ್ಲ, ಸರ್ವೆ ನಂಬರ್ ಹೇಳಿದ್ರೆ ಯಾವತ್ತಿದ್ರೂ ಸಿಗುತ್ತೆ. ಈಗ ರೀಸ್ಟಾರ್ಟ್ ಮಾಡಿ, ಗ್ರಬ್ ಮೆನುವಿನಲ್ಲಿ (ಮೇಲೆ ಶಿರಸಿ ಮೇಷ್ಟ್ರಿಗೆ ಹೇಳಿದ ಶುರುವಿನ ಮೆನು) ‘ಇ’ ಒತ್ತಿ, ‘ಲಿನಕ್ಸ್’ ಅಂತ ಶುರುವಾಗೋ ಸಾಲಲ್ಲಿ ‘ರೂಟ್=’ ಮುಂದಿರೋ ಎಸ್‌ಡಿಎ1 ಅನ್ನು ಎಸ್‌ಡಿಬಿ1 ಮಾಡಿ ಕಂಟ್ರೋಲ್ ಎಕ್ಸ್ ಒತ್ತಿ. ಇದು ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋದ್ಮೇಲೆ ‘/ಇಟಿಸಿ/ಎಫ್‌ಎಸ್‌ಟ್ಯಾಬ್’ ಫೈಲಲ್ಲಿ ಎಸ್‌ಡಿ ಅಂತ ಇರೋ ಕಡೆಯೆಲ್ಲ ‘ಬಿಎಲ್‌ಕೆಐಡಿ’ ತೋರಿಸಿದ ಯುಯುಐಡಿ ಹಾಕಿ, ‘ಸುಡೋ ಅಪ್‌ಡೇಟ್-ಗ್ರಬ್’ ಹೊಡೀರಿ. ಫೈಲ್ ತಿದ್ದೋಕೆ ಮುಂಚೆ ಅದರ ಒಂದು ಕಾಪಿ ಇಟ್ಕೊಳ್ಳಿ.

‘ಬಿಎಲ್‌ಕೆಐಡಿ’ ಹೊಡೆದಾಗ ಒಂದು ಡಿಸ್ಕೂ ಕಾಣಲಿಲ್ಲ ಅಂದ್ರೆ ಕಥೆ ಬೇರೆ. ಕರ್ನಲ್ ಎದ್ದೇಳೋವಾಗ ಮೊದ್ಲು ಇನಿಟ್‌ರಾಮ್‌ಎಫ್‌ಎಸ್ ಅನ್ನೋ ಸಣ್ಣ ಬುತ್ತಿ ಬಿಚ್ಚುತ್ತೆ, ಡಿಸ್ಕ್ ತೆಗಿಯೋ ಡ್ರೈವರ್ ಆ ಬುತ್ತೀಲೇ ಇರಬೇಕು. ಅದು ಇಲ್ಲಾಂದ್ರೆ ಹಳೇ ಕರ್ನಲ್ಲಲ್ಲಿ ಹೋಗಿ ‘ಸುಡೋ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್’ ಅಂತ ಬುತ್ತಿ ಮತ್ತೆ ಕಟ್ಟಿಸಿ. ಹೊಸ ಡಿಸ್ಕ್ ಹಾಕಿದೋರು ಬಯಾಸ್‌ನಲ್ಲಿ ಸಾಟಾ ಮೋಡ್ ಬದಲಾಯಿಸಿದಾರಾ ಅಂತನೂ ಕೇಳಿ.

ಪ್ರಶ್ನೆ (ಕೊಳ್ಳೇಗಾಲದಿಂದ, ಮನೆಯಲ್ಲೇ ಟ್ಯೂಷನ್ ಮಾಡೋ ಗೃಹಿಣಿ): ಅಪ್‌ಡೇಟ್ ಆಗ್ತಿದ್ದಾಗ್ಲೇ ಕರೆಂಟ್ ಹೋಯ್ತು, ಯುಪಿಎಸ್ ಇಲ್ಲ. ಆಮೇಲೆ ಕಂಪ್ಯೂಟರ್ ಆನ್ ಆಗುತ್ತೆ ಆದ್ರೆ ಸೌಂಡ್ ಇಲ್ಲ, ವೈಫೈ ಇಲ್ಲ, ನೆಟ್ ಕೇಬಲ್ ಹಾಕಿದ್ರೂ ಇಲ್ಲ. ಒಂದೇ ಸಲ ಎಲ್ಲ ಕೆಟ್ಟೋಯ್ತಾ ಮೇಡಂ/ಸರ್?

ಉತ್ತರ: ಅಮ್ಮಾ, ಎಲ್ಲ ಒಂದೇ ಸಲ ಹೋದ್ರೆ ಅದೇ ಒಳ್ಳೇ ಸುದ್ದಿ, ಮೂರು ಸಾಮಾನು ಒಟ್ಟಿಗೆ ಕೆಡಲ್ಲ, ಮೂರಕ್ಕೂ ಬೇಕಾದ ಒಂದು ಪ್ಯಾಕೇಜ್ ಬಿಟ್ಟೋಗಿದೆ. ಉಬುಂಟುವಿನಲ್ಲಿ ಕರ್ನಲ್ ಒಂದೇ ಪ್ಯಾಕೇಜಾಗಿ ಬರಲ್ಲ. ‘ಲಿನಕ್ಸ್-ಇಮೇಜ್’ ಒಂದು, ‘ಲಿನಕ್ಸ್-ಮಾಡ್ಯೂಲ್ಸ್’ ಒಂದು, ‘ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ’ ಅಂತ ಇನ್ನೊಂದು. ವೈಫೈ, ಸೌಂಡಿನ ಬಹಳಷ್ಟು ಡ್ರೈವರ್ ಆ ಎಕ್ಸ್‌ಟ್ರಾದಲ್ಲೇ ಇರೋದು. ಕರೆಂಟ್ ಹೋದ ಹೊತ್ತಿಗೆ ಅದು ಬಂದಿರಲಿಲ್ಲ ಅನ್ಸುತ್ತೆ. ಹಳೇ ಕರ್ನಲ್ಲಲ್ಲಿ ಶುರು ಮಾಡಿ (ಹೇಗೆ ಅಂತ ಮೇಲೆ ಶಿರಸಿ ಮೇಷ್ಟ್ರಿಗೆ ಹೇಳಿದೀನಿ), ಅಲ್ಲಿ ನೆಟ್ ಬರುತ್ತೆ. ‘ಸುಡೋ ಡಿಪಿಕೆಜಿ --ಕಾನ್ಫಿಗರ್ -ಎ’, ಆಮೇಲೆ ‘ಸುಡೋ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್’. ಇಷ್ಟಕ್ಕೆ ಅರ್ಧಕ್ಕೆ ನಿಂತಿದ್ದು ಮುಂದುವರಿಯುತ್ತೆ. ಹಾಗೇ ‘ಡಿಎಫ್ -ಎಚ್’ ಹೊಡೆದು ‘/ಬೂಟ್’ ಜಾಗ ತುಂಬಿದೆಯಾ ನೋಡಿ, ತುಂಬಿದ್ರೆ ಕರೆಂಟ್ ಇದ್ರೂ ಹಿಂಗೇ ಅರ್ಧಕ್ಕೆ ನಿಲ್ಲುತ್ತೆ, ‘ಸುಡೋ ಆಪ್ಟ್ ಆಟೋರಿಮೂವ್’ ಮಾಡಿ ತೀರಾ ಹಳೇವನ್ನ ತೆಗೀರಿ. ಮಕ್ಕಳ ಟ್ಯೂಷನ್ ಇಲ್ಲದ, ಕರೆಂಟ್ ಗಟ್ಟಿ ಇರೋ ಹೊತ್ತು ನೋಡಿ ಅಪ್‌ಡೇಟ್ ಮಾಡ್ಕೊಳ್ಳಿ.

ಪ್ರಶ್ನೆ (ಮಂಗಳೂರಿನಿಂದ): ಸೌಂಡ್ ಸೆಟ್ಟಿಂಗ್ಸಲ್ಲಿ ‘ಡಮ್ಮಿ ಔಟ್‌ಪುಟ್’ ಅಂತ ಮಾತ್ರ ಬರ್ತದೆ ಮಾರಾಯ್ರೆ. ಲ್ಯಾಪ್‌ಟಾಪ್ ಮೂರು ವರ್ಷದ್ದು. ಡ್ರೈವರ್ ಇದೆ ಅಂತ ಎಲ್‌ಎಸ್‌ಪಿಸಿಐ ಹೇಳ್ತದೆ. ಇನ್ನೆಂತ ಬೇಕು ಅದಕ್ಕೆ?

ಉತ್ತರ: ಫರ್ಮ್‌ವೇರ್ ಬೇಕು. ಸಾಮಾನು ಕಾಣ್ತು, ಡ್ರೈವರೂ ಕೈಗೆ ತಗೊಂಡಿತು, ಆದ್ರೆ ಈಗಿನ ಎಷ್ಟೋ ಚಿಪ್ಪುಗಳಿಗೆ ಡ್ರೈವರ್ ಒಂದು ಫೈಲನ್ನ ಒಳಗೆ ತುಂಬಿಸಿದ ಮೇಲೇ ಜೀವ ಬರೋದು. ಆ ಫೈಲುಗಳು ‘/ಲಿಬ್/ಫರ್ಮ್‌ವೇರ್’ ಒಳಗೆ, ಕರ್ನಲ್ಲಿಂದ ಬೇರೆಯಾದ ಪ್ಯಾಕೇಜಲ್ಲಿ ಇರ್ತಾವೆ. ಕರ್ನಲ್ ಹೊಸದಾಗಿ, ಫರ್ಮ್‌ವೇರ್ ಹಳೇದೇ ಉಳಿದ್ರೆ ಹಿಂಗಾಗುತ್ತೆ. ‘ಸುಡೋ ಡಿಮೆಸ್ಜಿ’ (ಅಕ್ಷರಗಳು ಡಿ, ಎಂ, ಇ, ಎಸ್, ಜಿ) ಹೊಡೆದು ಅದರಲ್ಲಿ ‘ಫರ್ಮ್‌ವೇರ್’ ಅನ್ನೋ ಪದ ಹುಡುಕಿ, ಯಾವ ಫೈಲ್ ಸಿಗಲಿಲ್ಲ ಅಂತ ಹೆಸರು ಸಮೇತ ಬರೆದಿರುತ್ತೆ. ಇಂಟೆಲ್ ಪ್ರೊಸೆಸರ್ ಇರೋ ಹೊಸ ಲ್ಯಾಪ್‌ಟಾಪಲ್ಲಿ ಅದು ಸಾಮಾನ್ಯವಾಗಿ ಎಸ್‌ಒಎಫ್ ಫೈಲು, ಒಳಗಿನ ಡಿಜಿಟಲ್ ಮೈಕ್ ನೋಡಿಕೊಳ್ಳೋದೂ ಅದೇ. ಡೆಬಿಯನ್ನಲ್ಲಿ ‘ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್’, ಆರ್ಚಲ್ಲಿ ‘ಎಸ್‌ಒಎಫ್-ಫರ್ಮ್‌ವೇರ್’, ಫೆಡೋರಾದಲ್ಲಿ ‘ಆಲ್ಸಾ-ಎಸ್‌ಒಎಫ್-ಫರ್ಮ್‌ವೇರ್’ ಹಾಕಿ. ಡೆಬಿಯನ್ ಹಳೇದಾದ್ರೆ ಇನ್ನೂ ಒಂದು ನೋಡ್ಬೇಕು: ಮುಚ್ಚಿದ (ಮೂಲ ಕೋಡ್ ಬಹಿರಂಗ ಮಾಡದ) ಫರ್ಮ್‌ವೇರನ್ನ ಡೆಬಿಯನ್ ಮೊದಲೆಲ್ಲ ಮಾಮೂಲಿ ಇನ್‌ಸ್ಟಾಲರಲ್ಲಿ ಕೊಡ್ತಿರಲಿಲ್ಲ, 2022ರಲ್ಲಿ ಅವರ ಡೆವಲಪರುಗಳು ಮತ ಹಾಕಿ ಒಪ್ಪಿದ ಮೇಲೆ 2023ರ ಡೆಬಿಯನ್ 12ರಿಂದ ಕೊಡ್ತಿದಾರೆ. ಹಳೇದರಿಂದ 12ಕ್ಕೆ ಬಂದೋರು ಸೋರ್ಸಸ್ ಫೈಲಲ್ಲಿ ‘ನಾನ್-ಫ್ರೀ-ಫರ್ಮ್‌ವೇರ್’ ಅಂತ ಸೇರಿಸಿದೀರಾ ಅಂತ ನೋಡಿ, ಅದನ್ನ ಬಿಟ್ಟಿದ್ರೆ ಫರ್ಮ್‌ವೇರ್ ಅಪ್‌ಡೇಟ್ ಆಗೋದು ನಿಂತಿರುತ್ತೆ, ಯಾರೂ ಹೇಳೋದೂ ಇಲ್ಲ.

ಪ್ರಶ್ನೆ (ಜರ್ಮನಿಯ ಮ್ಯೂನಿಕ್‌ನಿಂದ ಒಬ್ಬ ಓದುಗರು): ನಾನು ಆರ್ಚ್ ಬಳಸ್ತೀನಿ. ಅಪ್‌ಡೇಟ್ ಆದ ತಕ್ಷಣ ಪೆನ್‌ಡ್ರೈವ್ ಹಾಕಿದ್ರೆ ಮೌಂಟ್ ಆಗಲ್ಲ, ಅಪರಿಚಿತ ಫೈಲ್‌ಸಿಸ್ಟಂ ಅಂತ ಬರುತ್ತೆ. ಮಾರನೇ ದಿನ ಸರಿ ಇರುತ್ತೆ. ಇದು ಪೆನ್‌ಡ್ರೈವ್ ದೋಷವಾ?

ಉತ್ತರ: ಅಲ್ಲ. ಆರ್ಚಲ್ಲಿ ಹೊಸ ಕರ್ನಲ್ ಬಂದ್ರೆ ಹಳೇದರ ಮಾಡ್ಯೂಲ್ ಫೋಲ್ಡರ್ ಅಳಿಸಿಹೋಗುತ್ತೆ. ಮೆಮೊರಿಯಲ್ಲಿ ಓಡ್ತಿರೋದು ಇನ್ನೂ ಹಳೇ ಕರ್ನಲ್, ಅದಕ್ಕೆ ಪೆನ್‌ಡ್ರೈವಿನ ಮಾಡ್ಯೂಲ್ ಬೇಕಾದಾಗ ಡಿಸ್ಕಲ್ಲಿ ಅದು ಇಲ್ಲ. ‘ಯುನೇಮ್ -ಆರ್’ ತೋರಿಸೋ ನಂಬರೂ ‘/ಲಿಬ್/ಮಾಡ್ಯೂಲ್ಸ್’ ಒಳಗಿರೋ ನಂಬರೂ ಬೇರೆ ಇದ್ರೆ ರೀಬೂಟ್ ಮಾಡಿ. ಮಾರನೇ ದಿನ ಸರಿ ಹೋಗ್ತಿರೋದೂ ಅದಕ್ಕೇ. ಜೊತೆಗೆ ‘ಲಿನಕ್ಸ್-ಎಲ್‌ಟಿಎಸ್’ ಕರ್ನಲ್ಲನ್ನೂ ಹಾಕಿಟ್ಕೊಳ್ಳಿ, ಆರ್ಚಲ್ಲಿ ಹಳೇ ಕರ್ನಲ್ ತಾನಾಗಿ ಉಳಿಯಲ್ಲ, ಕಷ್ಟಕಾಲಕ್ಕೆ ಅದೇ ಆಸರೆ.

ಪ್ರಶ್ನೆ (ಅರಸೀಕೆರೆಯಿಂದ ಜೆರಾಕ್ಸ್ ಅಂಗಡಿಯವರು): ಅಪ್‌ಡೇಟ್ ಆದಾಗಿಂದ ಸಣ್ಣ ಲೇಸರ್ ಪ್ರಿಂಟರ್ ಕೆಲಸ ಮಾಡ್ತಿಲ್ಲ. ಯುಎಸ್‌ಬಿಯಲ್ಲಿ ಕಾಣುತ್ತೆ, ಪ್ರಿಂಟ್ ಕೊಟ್ರೆ ಸುಮ್ನೆ ಇರುತ್ತೆ. ಹಳೇ ಕರ್ನಲ್ಲಿಗೆ ಹೋದ್ರೂ ಹಂಗೇ.

ಉತ್ತರ: ನೀವು ಬರೆದ ಕೊನೇ ವಾಕ್ಯದಲ್ಲೇ ಅರ್ಧ ಉತ್ತರ ಇದೆ. ಹಳೇ ಕರ್ನಲ್ಲಲ್ಲೂ ಹಾಗೇ ಅಂದ್ಮೇಲೆ ಕರ್ನಲ್ ತಪ್ಪಲ್ಲ, ಅದರ ಜೊತೆ ಅಪ್‌ಡೇಟ್ ಆದ ಬೇರೆ ಏನೋ. ‘ಎಲ್‌ಎಸ್‌ಯುಎಸ್‌ಬಿ’ಯಲ್ಲಿ ಕಾಣ್ತಿದೆ, ಹಾಗಾಗಿ ಕೇಬಲ್ಲೂ ಸರಿ. ಕೆಲವು ಅಗ್ಗದ ಲೇಸರ್ ಪ್ರಿಂಟರ್ ಒಳಗೆ ಫರ್ಮ್‌ವೇರ್ ಉಳಿಯಲ್ಲ, ಪ್ರತಿಸಲ ಆನ್ ಆದಾಗ ಕಂಪ್ಯೂಟರೇ ತುಂಬಿಸಬೇಕು. ಎಚ್‌ಪಿ ಪ್ರಿಂಟರ್ ಆದ್ರೆ ಆ ಕೆಲಸಕ್ಕೆ ಒಂದು ಪ್ಲಗಿನ್ ಇದೆ, ಅದರ ನಂಬರೂ ‘ಎಚ್‌ಪಿಲಿಪ್’ ಪ್ಯಾಕೇಜಿನ ನಂಬರೂ ಒಂದೇ ಇರಬೇಕು. ಅಪ್‌ಡೇಟಲ್ಲಿ ಪ್ಯಾಕೇಜ್ ಮುಂದೆ ಹೋಗಿ ಪ್ಲಗಿನ್ ಹಿಂದೆ ಉಳಿದಿರುತ್ತೆ. ‘ಎಚ್‌ಪಿ-ಪ್ಲಗಿನ್’ ಅಂತ ಹೊಡೆದು ಮತ್ತೆ ಇಳಿಸಿಕೊಳ್ಳಿ, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ.

ಪ್ರಶ್ನೆ (ಮೈಸೂರಿನಿಂದ ಒಬ್ಬ ವಿದ್ಯಾರ್ಥಿನಿ): ಸರ್, ನನ್ನ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಹಳೇ ಕರ್ನಲ್ಲಲ್ಲಿ ಓಡುತ್ತೆ, ಹೊಸದರಲ್ಲಿ ಇಲ್ಲ. ಹೊರಗಿನ ಡ್ರೈವರ್ ಏನೂ ಹಾಕಿಲ್ಲ, ಸೆಕ್ಯೂರ್ ಬೂಟ್ ಆಫ್, ಫರ್ಮ್‌ವೇರ್ ಹೊಸದು. ನೀವು ಹೋದ ಸಲ ನನ್ನ ಸ್ನೇಹಿತೆಗೆ ಹೇಳಿದ್ದೆಲ್ಲ ಮಾಡಿದೆ. ಇನ್ನೇನು ಉಳಿದಿದೆ?

ಉತ್ತರ: ಮಗಳೇ, ನಿನ್ನ ಪತ್ರ ಓದಿ ನಿಜವಾಗ್ಲೂ ಖುಷಿಯಾಯ್ತು, ಒಂದೊಂದೇ ತೆಗೆದುಹಾಕ್ತಾ ಬಂದಿದೀಯ. ಉಳಿದಿರೋದು ಒಂದೇ, ಕರ್ನಲ್ಲಲ್ಲೇ ತಪ್ಪಾಗಿದೆ. ಇದನ್ನ ರಿಗ್ರೆಶನ್ ಅಂತಾರೆ. ಓಡ್ತಿದ್ದದ್ದು ಹೊಸ ಕರ್ನಲ್ಲಲ್ಲಿ ನಿಲ್ಲಬಾರದು ಅನ್ನೋದು 1991ರಲ್ಲಿ ಲಿನಕ್ಸ್ ಶುರು ಮಾಡಿದ ಲೀನಸ್ ಟೋರ್ವಾಲ್ಡ್ಸ್ ಬಹಳ ಕಟ್ಟುನಿಟ್ಟಾಗಿ ಹಿಡಿದಿರೋ ನಿಯಮ, ಅದಕ್ಕೆ ‘ಹೊಸದಾಗಿ ಕೆಟ್ಟಿದೆ’ ಅಂತ ಸಾಕ್ಷಿ ಸಮೇತ ಹೇಳಿದ ದೂರಿಗೆ ಬೇರೆ ದೂರಿಗಿಂತ ಹೆಚ್ಚು ಬೆಲೆ. ಇಂಥ ದೂರುಗಳ ಲೆಕ್ಕ ಇಡೋಕೇ ರೆಗ್‌ಜ್‌ಬಾಟ್ ಅಂತ ಒಂದು ವ್ಯವಸ್ಥೆ ಇದೆ. ನಿನ್ನದೇ ಮಾಡೆಲ್ ಇಟ್ಕೊಂಡು ದೂರು ಬರೆಯೋಕೆ ಬರದೆ ಸುಮ್ಮನಿರೋ ಎಷ್ಟೋ ಜನಕ್ಕೆ ನಿನ್ನ ಒಂದು ದೂರಿನಿಂದ ಟಚ್‌ಪ್ಯಾಡ್ ವಾಪಸ್ ಬರುತ್ತೆ, ದಯವಿಟ್ಟು ಬರಿ.

ಮೊದ್ಲು ನಿನ್ನ ಡಿಸ್ಟ್ರೋದ ಬಗ್ ಪಟ್ಟಿಯಲ್ಲಿ ಬರಿ. ಓಡೋ ಕರ್ನಲ್ಲಿನ ಪೂರ್ತಿ ನಂಬರ್, ಓಡದ್ದರ ಪೂರ್ತಿ ನಂಬರ್, ಎರಡರಲ್ಲೂ ತೆಗೆದ ‘ಡಿಮೆಸ್ಜಿ’ ಪೂರ್ತಿ, ಕತ್ತರಿಸದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಸಾಲು ಇದ್ರೆ ಅದನ್ನ ಮೇಲೆ ಬರಿ. ಮುಚ್ಚಿದ ಗ್ರಾಫಿಕ್ಸ್ ಡ್ರೈವರ್ ಏನಾದ್ರೂ ಲೋಡ್ ಆಗಿದ್ರೆ ಕರ್ನಲ್ ‘ಟೇಂಟೆಡ್’ ಅಂತ ಗುರುತು ಹಾಕಿಕೊಂಡಿರುತ್ತೆ, ಕರ್ನಲ್ ಡೆವಲಪರುಗಳು ಅಂಥ ದೂರು ನೋಡೋಕೆ ಹಿಂದೆಮುಂದೆ ನೋಡ್ತಾರೆ, ಅದಿಲ್ಲದೆ ಒಂದ್ಸಲ ಪರೀಕ್ಷೆ ಮಾಡು.

ಇನ್ನೂ ಮುಂದೆ ಹೋಗೋ ಧೈರ್ಯ ಇದ್ರೆ ‘ಗಿಟ್ ಬೈಸೆಕ್ಟ್’ ಕಲಿ. ಒಂದು ಕರ್ನಲ್ಲಿಂದ ಮುಂದಿನದಕ್ಕೆ ಒಂಬತ್ತು ಹತ್ತು ವಾರ, ಅಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬದಲಾವಣೆ ಸೇರುತ್ತೆ. ಅಷ್ಟರಲ್ಲಿ ನಿನ್ನ ಟಚ್‌ಪ್ಯಾಡ್ ಕೆಡಿಸಿದ್ದು ಯಾವುದು ಅಂತ ಹುಡುಕೋದು ಅಸಾಧ್ಯ ಅನಿಸುತ್ತೆ, ಆದ್ರೆ ಸರಿ ಮಧ್ಯದ್ದನ್ನ ಕಟ್ಟಿ ಓಡಿಸಿ ನೋಡು, ಓಡಿದ್ರೆ ತಪ್ಪು ಆಮೇಲಿನ ಅರ್ಧದಲ್ಲಿ, ಓಡದಿದ್ರೆ ಮುಂಚಿನ ಅರ್ಧದಲ್ಲಿ. ಹಿಂಗೆ ಅರ್ಧ ಅರ್ಧ ಮಾಡ್ತಾ ಹೋದ್ರೆ ಹದಿನಾಲ್ಕೇ ಸಲದಲ್ಲಿ ಆ ಒಂದು ಬದಲಾವಣೆ ಕೈಗೆ ಸಿಗುತ್ತೆ, ಬರೆದೋರ ಹೆಸರೂ ಅಲ್ಲೇ ಇರುತ್ತೆ. ಲ್ಯಾಪ್‌ಟಾಪಲ್ಲಿ ಪ್ರತಿಸಲ ಕಟ್ಟೋಕೆ ಹೊತ್ತು ಹಿಡಿಯುತ್ತೆ, ಒಂದು ಶನಿವಾರ ಭಾನುವಾರ ಇಟ್ಕೋ.

ಅದು ಸರಿಯಾಗೋವರೆಗೂ ಹಳೇ ಕರ್ನಲ್ಲಲ್ಲೇ ಕೆಲಸ ಮಾಡು. ಅದು ಆಟೋರಿಮೂವ್‌ನಲ್ಲಿ ಹೋಗದ ಹಾಗೆ ಆ ನಂಬರಿನ ಇಮೇಜ್, ಮಾಡ್ಯೂಲ್ಸ್ ಎರಡು ಪ್ಯಾಕೇಜಿಗೂ, ಎಕ್ಸ್‌ಟ್ರಾ ಇದ್ರೆ ಅದಕ್ಕೂ, ‘ಸುಡೋ ಆಪ್ಟ್-ಮಾರ್ಕ್ ಮ್ಯಾನುಯಲ್’ ಹಾಕಿಟ್ಟುಕೋ. ಹೊಸದು ಬರೋದನ್ನೇ ‘ಆಪ್ಟ್-ಮಾರ್ಕ್ ಹೋಲ್ಡ್’ ಹಾಕಿ ತಡೆದ್ರೆ ಸೆಕ್ಯುರಿಟಿ ಅಪ್‌ಡೇಟೂ ನಿಲ್ಲುತ್ತೆ, ಹಾಗಾಗಿ ಹೋಲ್ಡ್ ಹಾಕಿದ ತಾರೀಖು ಕ್ಯಾಲೆಂಡರಲ್ಲಿ ಬರೆದಿಟ್ಟು, ಪ್ರತಿ ಹೊಸ ಕರ್ನಲ್ ಬಂದಾಗ ಒಂದ್ಸಲ ಬಿಚ್ಚಿ ನೋಡು, ಟಚ್‌ಪ್ಯಾಡ್ ಓಡಿದ ದಿನ ‘ಅನ್‌ಹೋಲ್ಡ್’ ಮಾಡು, ನೀನು ಹಾಕಿದ ದೂರಿಗೂ ‘ಈ ನಂಬರಲ್ಲಿ ಸರಿಯಾಯ್ತು’ ಅಂತ ಒಂದು ಸಾಲು ಹಾಕು.